ಖೀಮಾ ಕೋಣೆಯ ಟೊಪ್ಪಿಗೆ

ರಾಜಪ್ಪನ ಎದೆಯೊಳಗೆ ಸ್ಟೆಂಟು ಕೂತ ದಿನದಿಂದ ಆ ಮನೆಯಲ್ಲಿ ಮಟನ್ ಬೇಯುವುದು ನಿಂತುಹೋಯಿತು. ಬುಧವಾರ ಒಮ್ಮೆ, ರವಿವಾರ ಒಮ್ಮೆ ಖೀಮಾ ಉಂಡು ಅರವತ್ತೆಂಟು ವರ್ಷ ಗಟ್ಟಿಮುಟ್ಟಾಗಿದ್ದ ಮನುಷ್ಯ. ಡಾಕ್ಟರು ಬೇಡವೆಂದದ್ದೇ ತಡ, ತಾಟಿನ ಮುಂದೆ ಕೂತು ಬದನೆಕಾಯಿಯನ್ನು ಬೈಯತೊಡಗಿದ. ಬದನೆಕಾಯಿಗೆ ಬೈದರೆ ಹೆಂಡತಿ ಸತ್ತೆವ್ವನಿಗೇ ಬೈದಂತೆ, ಏಕೆಂದರೆ ಮೂಡಲಗಿಯ ಆ ಮನೆಯಲ್ಲಿ ಒಲೆ ಅವಳದು. ಹೀಗೆ ಎರಡು ತಿಂಗಳು ಊಟದ ಹೊತ್ತೆಂದರೆ ಜಗಳದ ಹೊತ್ತಾಯಿತು.

ಒಂದು ರವಿವಾರ ಸೊಸೆ ವಿಜಯಶ್ರೀ ಪೇಟೆಯಿಂದ ಸೋಯಾ ವಡಿ ತಂದಳು. ಅತ್ತೆ ನೆನೆಸಿಕೊಟ್ಟ ವಡಿಯನ್ನು ಹಿಂಡಿ, ಒರಟಾಗಿ ರುಬ್ಬಿ, ಉಳ್ಳಾಗಡ್ಡಿ, ಒಣಕೊಬ್ಬರಿ, ಮಸಾಲೆ ಖಾರ ಹಾಕಿ ಹುರಿದಿಟ್ಟಳು. ರಾಜಪ್ಪ ತಲೆ ಎತ್ತದೆ ಮೂರು ರೊಟ್ಟಿ ಮುಗಿಸಿದ.

"ಯಾವ ಅಂಗಡಿ ಮಟನ್ ಇದು? ಡಾಕ್ಟರಗ ಹೇಳಬ್ಯಾಡ್ರಿ ಮತ್ತ" ಎಂದ.

"ಮಟನ್ ಅಲ್ರಿ ಮಾವಾರ. ನಿಮ್ಮ ಹೊಲದಾಗ ಬೆಳಿತೈತಲ್ಲ, ಅದ."

ರಾಜಪ್ಪ ತಾಟನ್ನು ನೋಡಿದ, ಸೊಸೆಯನ್ನು ನೋಡಿದ. "ಇಪ್ಪತ್ತ ವರ್ಸ ಸೋಯಾ ಬೆಳದು ಮಾರೇನಿ. ಬಾಯಾಗ ಇಟ್ಟಿದ್ದ ಇವತ್ತ. ಇನ್ನೊಂದ ರೊಟ್ಟಿ ಹಾಕ."

ದಂಧೆ ಶುರುವಾದದ್ದು ಆ ನಾಲ್ಕನೇ ರೊಟ್ಟಿಯಿಂದ. ಬೀಜದ ಚೀಲ ಇಡುತ್ತಿದ್ದ ಬಾಜೂ ಕೋಣೆಗೆ ವಿಜಯಶ್ರೀ ಟೈಲ್ಸ್ ಹಾಕಿಸಿದಳು, ಒಣಗಿಸುವ ಯಂತ್ರ ತರಿಸಿದಳು, ಕೈಗೆ ಜೊತೆಯಾಗಲೆಂದು ಓಣಿಯ ಚನ್ನವ್ವನನ್ನು ಪಗಾರದ ಮೇಲೆ ಕರೆದಳು. ಪಾಕೀಟು ಒಡೆದು ಬಿಸಿನೀರಲ್ಲಿ ಕುದಿಸಿದರೆ ಖೀಮಾ ಸಿದ್ಧ. ಗಂಡ ಪರಶುರಾಮ ಬೆಳಗ್ಗೆ ಡೇರಿಗೆ ಹಾಲಿನ ಕ್ಯಾನು ಹೊತ್ತ ಟಂಟಂ ಗಾಡಿಯಲ್ಲೇ ಮಧ್ಯಾಹ್ನ ಗೋಕಾಕ, ಹುಕ್ಕೇರಿಗೆ ಪಾಕೀಟು ಹಂಚಿ ಬರುತ್ತಿದ್ದ.

ನೋಂದಣಿಗೆ ಮುಂಚೆ ಆಹಾರ ಇಲಾಖೆಯ ಅಧಿಕಾರಿಯೊಬ್ಬರು ಕೋಣೆ ನೋಡಲು ಬಂದರು. ಪಾಕೀಟಿನ ನಮೂನೆ ಹಿಡಿದು ಕನ್ನಡಕ ಏರಿಸಿದರು.

"ಖೀಮಾ ಅನ್ನೂದು ಅಂಗೈಯಷ್ಟ ಐತಿ, ಸೋಯಾ ಅನ್ನೂದು ಇರುವಿ ಕಾಲಷ್ಟ. ಹಿಂಗ ನಡಿಯೂದಿಲ್ಲಮ್ಮಾ. ನಾಳೆ ಶ್ರಾವಣದಾಗ ಒಬ್ರು ಮಟನ್ ಅಂತ ತಿಳದು ಜಗಳ ತಗದ್ರ? ಎರಡೂ ಒಂದ ಅಳತಿ ಬರೀರಿ. ಒಳಗ ಏನೇನ ಹಾಕ್ತೀರಿ, ಒಂದೂ ಬಿಡದಂಗ ಹಿಂದ ಬರೀರಿ. ಕೋಣ್ಯಾಗ ಕೈ ಹಾಕೋರಿಗೆಲ್ಲಾ ದವಾಖಾನಿ ಸರ್ಟಿಫಿಕೇಟ್ ಬೇಕು. ತಲಿಗೆ ಟೊಪಗಿ ಬೇಕು."

ಮನೆಯ ಶಾಂತಿ ಕೆಟ್ಟದ್ದು ಈ ಟೊಪ್ಪಿಗೆಯಿಂದ.

"ಸೆರಗ ಐತಲ್ಲ ತಲಿ ಮ್ಯಾಲ? ಕೂದಲ ಎಲ್ಲಿಂದ ಬೀಳತಾವ?" ಎಂದಳು ಸತ್ತೆವ್ವ. ಮದುವೆಯಾಗಿ ನಲವತ್ತೈದು ವರ್ಷದಲ್ಲಿ ಗಂಡನ ಮುಂದೆ, ಊರಿನ ಮುಂದೆ ಅವಳ ತಲೆಯ ಮೇಲಿನ ಸೆರಗು ಜಾರಿದ್ದಿಲ್ಲ.

"ಸೆರಗ ನಡಿಯೂದಿಲ್ರಿ ಅತ್ತ್ಯಾರ. ಟೊಪಗಿನ ಬೇಕು."

"ಗಂಡಸರಂಗ ಟೊಪಗಿ ಹಾಕ್ಕೊಂಡ ಕುಂದ್ರಲೇನ? ಓಣ್ಯಾಗಿನ ಮಂದಿ ಏನ್ ಅಂದಾರು?"

"ನೇಮ ನಾ ಮಾಡಿದ್ದಲ್ರಿ. ಹಾಕ್ಕೊಳ್ಳಿಲ್ಲಂದ್ರ ಒಳಗ ಬರಬ್ಯಾಡ್ರಿ."

ಸೊಸೆ ಕೆಲಸದ ಅವಸರದಲ್ಲಿ ಆಡಿದ ಮಾತು. ಅತ್ತೆಗೆ ಅದು ಚುಚ್ಚಿ ಒಳಗೇ ಉಳಿಯಿತು. ತನ್ನ ಖಾರ, ತನ್ನ ಕೈರುಚಿ, ತನ್ನ ಮನೆಯ ಕೋಣೆ, ಆದರೆ ತನಗೇ ಬಾಗಿಲಿಲ್ಲ. ಅವತ್ತಿನಿಂದ ಸತ್ತೆವ್ವ ಆ ಹೊಸ್ತಿಲು ದಾಟಲಿಲ್ಲ. ದವಾಖಾನೆಗೆ ಹೋಗಿ ಸರ್ಟಿಫಿಕೇಟು ತಂದವರು ವಿಜಯಶ್ರೀ ಮತ್ತು ಚನ್ನವ್ವ ಇಬ್ಬರೇ. ಕೋಣೆ ಸಣ್ಣದಾದ್ದರಿಂದ ವಡಿ ನೆನೆಸುವ ದೊಡ್ಡ ಡಬರಿಗಳು ಮಾತ್ರ ಹಿತ್ತಲ ನಲ್ಲಿಯ ಹತ್ತಿರ ಇರುತ್ತಿದ್ದವು.

ಮೊದಲ ವಾರದ ಪಾಕೀಟುಗಳು ಗೋಕಾಕದಿಂದ ವಾಪಸು ಬಂದವು. ಹಸಿ ಕಾಳಿನ ವಾಸನೆ ಬರುತ್ತದೆ ಎಂದು ಅಂಗಡಿಯವನ ದೂರು. ವಿಜಯಶ್ರೀ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನೀರನ್ನು ಇನ್ನಷ್ಟು ಕುದಿಸಿ ವಡಿ ನೆನೆಹಾಕಿ ನೋಡಿದಳು. ಮುಂದಿನ ವಾರ ವಾಸನೆ ಪೂರಾ ಹೋಯಿತು. "ಎಲ್ಲಾ ನೀರಿನ ಕಾವಿನ ಮ್ಯಾಲ ಐತಿ ನೋಡ ಚನ್ನವ್ವಾ" ಎಂದು ಬೀಗಿದಳು. ಮಾಡುವ ಕ್ರಮವನ್ನು ಬರೆದು ಗೋಡೆಗೆ ಅಂಟಿಸಿದಳು.

ಇನ್ನೊಂದು ಸಂಗತಿಯೂ ಆಗ ಶುರುವಾಯಿತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮೂರು ಎಮ್ಮೆ ಇರುವ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಮಜ್ಜಿಗೆ ಸಾಲದಾಯಿತು.

"ಅರ್ಧಾ ವಾಟಗಾ ಮಜ್ಜಗಿ ಏನಲೇ ಇದು?" ಎಂದು ರಾಜಪ್ಪ ಗದರಿದ. "ಮಜ್ಜಗಿಗೂ ಡಾಕ್ಟರ್ ಬ್ಯಾಡಂದಾನೇನ?"

"ಬೆಕ್ಕ ಬಾಯಿ ಹಾಕಿತ್ತು, ಚೆಲ್ಲೀನಿ" ಎಂದಳು ಸತ್ತೆವ್ವ.

"ದಿನಾ ಹಾಕತೈತೇನ?"

"ದಿನಾ ಹಾಕತೈತಿ. ಉಣ್ರಿ ಸುಮ್ನ."

ಆಷಾಢದಲ್ಲಿ ಬೆಳಗಾವಿಯ ವ್ಯಾಪಾರಿಯೊಬ್ಬ ಫೋನು ಮಾಡಿದ. ರುಚಿ ಹಿಡಿಸಿದೆ, ಪ್ರತಿ ತಿಂಗಳೂ ಮುನ್ನೂರು ಕಿಲೋ ಬೇಕು, ಆದರೆ ಹಸಿರು ಚುಕ್ಕಿ ಸಾಲದು, ವೀಗನ್ ಗುರುತು ಬೇಕು. ಅದಕ್ಕೆ ಲ್ಯಾಬಿನ ವರದಿ ಬೇಕು. ಅಷ್ಟು ಮಾಲು ಹೋದರೆ ಓಣಿಯ ಇನ್ನೂ ನಾಲ್ಕು ಹೆಣ್ಣುಮಕ್ಕಳಿಗೆ ಕೆಲಸ ಕೊಡಬಹುದು ಎಂದು ವಿಜಯಶ್ರೀ ಆಗಲೇ ಮನಸ್ಸಿನಲ್ಲಿ ಹೆಸರು ಆರಿಸಿಕೊಂಡಿದ್ದಳು.

"ವೀಗನ್ ಅಂದ್ರ ಏನ?" ಎಂದು ರಾಜಪ್ಪ ರಾತ್ರಿ ಊಟಕ್ಕೆ ಕೂತಾಗ ಕೇಳಿದ.

ಎಂಟನೇ ಇಯತ್ತೆಯ ಮೊಮ್ಮಗಳು ಪೂನಮ್ ಹೇಳಿದಳು. "ಮಟನ್, ತತ್ತಿ ಅಷ್ಟ ಅಲ್ಲ ಅಜ್ಜಾ. ಹಾಲು, ತುಪ್ಪ, ಜೇನತುಪ್ಪ, ಏನೂ ಹಾಕಿರಬಾರದು."

"ಹಾಲೂ ಬ್ಯಾಡೇನ? ಎಮ್ಮಿ ಏನ್ ಪಾಪಾ ಮಾಡೈತಿ?"

"ನಾವು ಹಾಲ ಎಲ್ಲಿ ಹಾಕತೇವ್ರಿ ಮಾವಾರ. ಹಗುರಕ ಸಿಗತೈತಿ ಗುರುತು" ಎಂದಳು ವಿಜಯಶ್ರೀ. ಸತ್ತೆವ್ವ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ನಾವು ಹಾಲು ಹಾಕುವುದಿಲ್ಲ ಎಂಬ ಮಾತು ಅವಳಿಗೂ ಖರೆ ಅನ್ನಿಸಿತು.

ಹದಿನೈದು ದಿನಕ್ಕೆ ವರದಿ ಬಂತು. ಹಾಲಿನ ಅಂಶ ಇದೆ.

ವಿಜಯಶ್ರೀ ಕಾಗದವನ್ನು ಮೂರು ಸಲ ಓದಿದಳು. ಆಮೇಲೆ ಅಂಗಳದಲ್ಲಿ ನಿಂತಿದ್ದ ಟಂಟಂ ಕಡೆಗೆ ಅವಳ ಕಣ್ಣು ಹೋಯಿತು. "ರೀ, ನಿಮಗ ಎಷ್ಟ ಸಲ ಹೇಳೀನಿ, ಹಾಲಿನ ಗಾಡ್ಯಾಗ ನನ್ನ ಮಾಲ ಇಡಬ್ಯಾಡ್ರಿ ಅಂತ?"

ಪರಶುರಾಮ ಆಗಷ್ಟೇ ಚಹಾಕ್ಕೆ ಕೂತಿದ್ದ. "ಪಾಕೀಟ ಶೀಲ್ ಆಗಿರತಾವ. ಕ್ಯಾನಿನ್ಯಾನ ಹಾಲ ಹಾರಿ ಒಳಗ ಹೋಗತೈತೇನ?"

"ಖಾಲಿ ವಡಿ ಚೀಲಾನೂ ಅದ್ರಾಗ ತರತೀರಿ. ಕೈ ತೊಳಿಯೂದಿಲ್ಲ, ಏನಿಲ್ಲ."

"ನನ್ನ ಕೈ ಹೊಲಸ ಆದ್ವು ಈಗ? ಹಂಗಾರ ನಿನ್ನ ಮಾಲ ನೀನ ಹೊತ್ತ ಹಾಕ."

ಅವನು ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಗಾಡಿಯನ್ನು ಸೋಡಾಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದ. ಪಾಕೀಟು ಒಯ್ಯುವುದನ್ನೇನೂ ನಿಲ್ಲಿಸಲಿಲ್ಲ, ಆದರೆ ಹೆಂಡತಿಯೊಡನೆ ಮಾತು ನಿಲ್ಲಿಸಿದ. "ಪೂನಮ್, ನಿಮ್ಮವ್ವಗ ಹೇಳ, ಹುಕ್ಕೇರ್ಯಾಗ ಇನ್ನ ಎರಡ ಪೆಟಿಗಿ ಬೇಕಂತ" ಎಂದು ಹೆಂಡತಿ ಎದುರಿಗಿದ್ದರೂ ಮಗಳ ಬಾಯಿಂದ ಹೇಳಿಸುತ್ತಿದ್ದ. ಆ ದಿನಗಳಲ್ಲಿ ಸತ್ತೆವ್ವ ಎರಡು ಸಲ ಆ ಕೋಣೆಯ ಹೊಸ್ತಿಲ ತನಕ ಹೋದಳು, ಎರಡು ಸಲವೂ ತಿರುಗಿ ಬಂದಳು.

ಶ್ರಾವಣ ಇನ್ನು ನಾಲ್ಕು ದಿನವಿದೆ ಎನ್ನುವಾಗ ಬಸುರಿಯಾಗಿದ್ದ ತಂಗಿಯ ಮಗಳ ಕುಬಸದ ಕಾರ್ಯಕ್ಕೆಂದು ಸತ್ತೆವ್ವ ಬೆಲ್ಲದ ಬಾಗೇವಾಡಿಗೆ ಹೋದಳು. ಹೋದವಳು ಅಲ್ಲಿ ಮೂರು ದಿನ ಉಳಿದಳು. ವಿಜಯಶ್ರೀ ಆ ಮೂರು ದಿನದಲ್ಲೇ ಎಲ್ಲ ಪಾತ್ರೆ ಕುದಿನೀರಲ್ಲಿ ತೊಳೆದು ಹೊಸ ಮಾಲು ಮಾಡಿದಳು, ಬೇಗ ವರದಿ ಕೊಡಿ ಎಂದು ಹೆಚ್ಚಿನ ಹಣ ಕಟ್ಟಿ ಲ್ಯಾಬಿಗೆ ಕಳಿಸಿದಳು. ಮೂರನೇ ದಿನವೇ ಫೋನಿಗೆ ವರದಿ ಬಂತು. ಹಾಲಿನ ಅಂಶ ಇಲ್ಲ. ಅವಳು ಅಡುಗೆಮನೆಯಲ್ಲೇ ಒಂದು ಸುತ್ತು ತಿರುಗಿದಳು. ಖುಷಿಗೆ ಸಿಹಿ ಸಜ್ಜಕ ಮಾಡಿ, ಅದೇ ಹೊಸ ಮಾಲಿನ ಖೀಮಾ ಕುದಿಸಿ ಬಡಿಸಿದಳು.

ರಾಜಪ್ಪ ಮೊದಲ ತುತ್ತು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದ. "ಇದನ್ನ ಯಾರ ಮಾಡ್ಯಾರ?"

"ನಾನರಿ. ಯಾಕ?"

"ಹಸಿ ಹಸಿ ನಾರತೈತಿ. ದನಕ್ಕ ಇಡೂ ಹಿಂಡಿ ಆಗೈತಿ." ಅವನು ತಾಟು ಸರಿಸಿ, ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡ. ಸುರಿದಷ್ಟೂ ಇತ್ತು. "ಇವತ್ತ ಮಜ್ಜಗಿ ರಗಡ ಐತಲ್ಲ! ನಿಮ್ಮತ್ತಿ ಹೋದ ಕೂಡಲೇ ಬೆಕ್ಕೂ ಊರ ಬಿಟ್ಟೈತೇನ?"

ವಿಜಯಶ್ರೀ ಸೌಟು ಹಿಡಿದು ನಿಂತೇ ಇದ್ದಳು. ಗಡಿಗೆಯ ತುಂಬ ಮಜ್ಜಿಗೆ. ತಾಟಿನಲ್ಲಿ ನಾರುವ ಖೀಮಾ. ಕೈಯಲ್ಲಿ ಪಾಸಾದ ವರದಿ. ಮೂರೂ ಕೂಡಿ ಬಂದಾಗ ಅವಳು ಹಿತ್ತಲ ಡಬರಿಗಳ ಕಡೆ ತಿರುಗಿ ನೋಡಿದಳು.

ಮರುದಿನ ಸತ್ತೆವ್ವ ಕುಬಸದ ಉಂಡಿ ಕಟ್ಟಿಸಿಕೊಂಡು ಬಂದು ಇಳಿದಾಗ ಸೊಸೆ ಬಾಗಿಲಲ್ಲೇ ನಿಂತಿದ್ದಳು.

"ಅತ್ತ್ಯಾರ, ವಡಿಗೆ ಮಜ್ಜಗಿ ಹಾಕ್ತಿದ್ರೇನ?"

ಸತ್ತೆವ್ವ ಗಂಟು ಕೆಳಗಿಟ್ಟಳು. "ಹಾಕಿಲ್ಲ. ತೊಳದೀನಿ."

"ತೊಳದೀನಿ ಅಂದ್ರ?"

"ನಮ್ಮ ತವರಮನಿ ಹಿಡಕಲ್‌ದಾಗ ಮೀನ ಹೆಂಗ ತೊಳಿತಾರ? ಹುಳಿ ಮಜ್ಜಗ್ಯಾಗ ಒಂದ ತಾಸ ಇಟ್ಟು, ಮ್ಯಾಲ ಮೂರ ನೀರ ಹಾಕಿ ತೊಳಿತಾರ. ವಾಸನಿ ಹೋಗತೈತಿ. ಮೀನಿನ ಸಾರಿಗೆ ಮಜ್ಜಗಿ ಸಾರ ಅಂತಾರೇನ ಯಾರರ? ನಸಿಕನ್ಯಾಗ ಎದ್ದ ನಿನ್ನ ವಡೀನೂ ಹಂಗ ತೊಳದೆ. ನಿಮ್ಮ ಮಾವ ಉಂಡ ಮೊದಲನೇ ದಿನಾನೂ ಹಂಗ ತೊಳದ ಕೊಟ್ಟಿದ್ದೆ."

"ನನಗೊಂದ ಮಾತ ಹೇಳಬಾರದೇನ್ರಿ?"

"ಎಲ್ಲಿ ಹೇಳ್ಲಿ? ಹೊರಗ ನಿಂತ ಹೇಳ್ಲಾ?" ಸತ್ತೆವ್ವ ಆ ಕೋಣೆಯ ಹೊಸ್ತಿಲು ತೋರಿಸಿದಳು. "ಪಾಕೀಟ ತಿರುಗಿ ಬಂದಾಗ ನೀ ಉಣಲಾರದ ಕುಂತಿದ್ದಿ. ಸೊಸಿ ಮಾರಿ ಸಣ್ಣದಾಗೈತಿ ಅಂತ ತೊಳದೆ. ತಪ್ಪಾತೇನ?"

ವಿಜಯಶ್ರೀಗೆ ಸಿಟ್ಟು ಬಂದಿತ್ತು, ಅಳುವೂ ಬಂತು. ನೀರಿನ ಕಾವು ಎಂದು ತಾನು ಬೀಗಿದ್ದು, ಗೋಡೆಗೆ ಅಂಟಿಸಿದ ಕಾಗದ, ಎಲ್ಲವೂ ನೆನಪಾಗಿ ನಾಚಿಕೆಯಾಯಿತು. ಅತ್ತೆ ನಸುಕಿನಲ್ಲಿ ತಣ್ಣೀರಲ್ಲಿ ಕೈಯಿಟ್ಟು ತೊಳೆದ ರುಚಿಗೆ ಅವಳು ಹೆಸರು ಪಡೆದಿದ್ದಳು. ಗಂಡನನ್ನು ಸುಮ್ಮನೆ ಬೈದಿದ್ದಳು.

"ಈಗೇನ ಮಾಡೂದು? ಪಾಸಾದ ಮಾಲಿನ ವರದಿ ಬೆಳಗಾವಿಗೆ ಕಳಸು. ಮಜ್ಜಗಿ ಮಾಲ ಇಲ್ಲೆ ಮಾರು. ಯಾರಿಗೆ ಗೊತ್ತಾಗತೈತಿ?" ಎಂದು ಪರಶುರಾಮ ಹದಿನೈದು ದಿನದ ಮೇಲೆ ಮೊದಲ ಸಲ ನೇರವಾಗಿ ಹೆಂಡತಿಗೇ ಮಾತಾಡಿದ.

"ಪಾಕೀಟಿನ ಹಿಂದ ಮಜ್ಜಗಿ ಅಂತ ಬರದಿಲ್ರಿ. ಹಾಲ ಆಗದವ್ರು ತಿಂದ್ರ?"

"ಹಾಲ ಆಗದವ್ರು ಎಲ್ಲ್ಯರ ಇರತಾರೇನ ವಿಜಯಾ?" ಎಂದಳು ಸತ್ತೆವ್ವ. ಅವಳಿಗದು ನಿಜವಾಗಿಯೂ ಸೋಜಿಗದ ಮಾತು. ಕೂಸಿನ ಬಾಯಿಗೆ ಮೊದಲು ಬೀಳುವುದೇ ಹಾಲು.

ವಿಜಯಶ್ರೀ ಕೇಳಲಿಲ್ಲ. ಮರುದಿನ ಶ್ರಾವಣ ಹಿಡಿಯಿತು. ಮಟನ್ ತಿನ್ನುವ ಮನೆಗಳೆಲ್ಲ ಒಂದು ತಿಂಗಳು ಕೈಬಿಡುವ ಕಾಲ, ಅವರ ಮಾಲಿಗೆ ವರ್ಷದಲ್ಲೇ ದೊಡ್ಡ ಸುಗ್ಗಿ. ಅದೇ ದಿನ ಅವರು ಎಲ್ಲ ಅಂಗಡಿಗಳಿಂದ ಪಾಕೀಟು ವಾಪಸು ತರಲು ಹೊರಟರು. ಸತ್ತೆವ್ವ ತಾನೇ ಬಂದು ಟಂಟಂ ಹಿಂದೆ ಹತ್ತಿ ಕೂತಳು.

"ನೀವ್ಯಾಕ್ರಿ ಅತ್ತ್ಯಾರ?"

"ತೊಳದಾಕಿ ನಾನು. ಹೇಳಾಕಿನೂ ನಾನ."

ಗೋಕಾಕದಲ್ಲಿ ಅಂಗಡಿಯವನು ನಕ್ಕುಬಿಟ್ಟ. "ಮಜ್ಜಗಿಗೆ ಯಾಕಷ್ಟ ಹೆದರತೀರಿ ಆಯಿ? ಗಿರಾಕಿ ಸಾಲ ಹಚ್ಚ್ಯಾರ, ಇಟ್ಟ ಹೋಗ್ರಿ." ಸತ್ತೆವ್ವ ಸೊಸೆಯ ಮುಖ ನೋಡಿದಳು. ಹೇಳಲಿಲ್ಲವೇ ನಾನು ಎಂಬಂತೆ ಇತ್ತು ಆ ನೋಟ. ಆದರೂ ಪಾಕೀಟುಗಳನ್ನು ತಾನೇ ಎಣಿಸಿ ಚೀಲಕ್ಕೆ ಹಾಕಿಕೊಂಡಳು.

ಹುಕ್ಕೇರಿಯಲ್ಲಿ ಮಾಯವ್ವ ಎಂಬ ಹೆಂಗಸು ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದಳು. ಸತ್ತೆವ್ವನ ಮಾತು ಅರ್ಧ ಕೇಳುವಷ್ಟರಲ್ಲಿ ಅವಳು ಎದ್ದು ನಿಂತಳು. "ಏನಂದ್ರಿ? ಮಜ್ಜಗಿ?"

ಒಳಗಿನಿಂದ ಐದಾರು ವರ್ಷದ ಮೊಮ್ಮಗಳನ್ನು ಕರೆದು ತಂದಳು. ಹುಡುಗಿಯ ಕುತ್ತಿಗೆ, ಮೊಳಕೈ ತುಂಬ ಕೆಂಪು ದದ್ದು.

"ಇಕಿಗೆ ಹುಟ್ಟಿದಾಗಿಂದ ಹಾಲ ಆಗೂದಿಲ್ರಿ. ಒಂದ ಹನಿ ಹೊಟ್ಟಿಗೆ ಹೋದ್ರೂ ಮೈಯೆಲ್ಲಾ ತಿಂಡಿ, ದಿನಾಲೂ ಕೆರಕೊಳ್ಳೂದ. ನಿಮ್ಮ ಪಾಕೀಟ ಹಿಂದ ಓದಿಸಿ, ಹಾಲ ಇಲ್ಲಂತ ತಿಳದ, ವಾರಕ್ಕ ನಾಕ ಸಲ ಮಾಡಿ ಹಾಕೀನಿ. ಮೈ ಉಷ್ಣಕ್ಕ ಆಗೇತಿ ಅಂತ ತಿಂಗಳಾತು ಔಷಧ ಹಚ್ಚಾಕತ್ತೇನಿ."

ಹುಡುಗಿ ಮೊಳಕೈ ಕೆರೆದುಕೊಳ್ಳುತ್ತ, "ಆಯಿ, ಇವತ್ತೂ ಖೀಮಾ ಮಾಡು" ಎಂದಳು.

ಸತ್ತೆವ್ವ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಹುಡುಗಿಯನ್ನು ಹತ್ತಿರ ಕರೆದು, ದದ್ದೆದ್ದ ಮೊಳಕೈಯನ್ನು ತನ್ನೆರಡೂ ಅಂಗೈಯಲ್ಲಿ ಹಿಡಿದಳು. "ನಾ ಮಾಡಿದ್ದವಾ ಇದು, ನನ್ನ ಕೈಲೆ ಆಗಿದ್ದು" ಎಂದಳು ಮಾಯವ್ವನಿಗೆ. "ಬೈರಿ ನನಗ."

ಮಾಯವ್ವ ಬೈದಳು. ಒಂದಷ್ಟು ಹೊತ್ತು ಚೆನ್ನಾಗಿಯೇ ಬೈದಳು. ಕೊನೆಗೆ, "ಬಂದ ಹೇಳಿದ್ರಲ್ಲ, ಅದೊಂದು ಚಲೋ ಆತು. ಹೇಳದಿದ್ರ ಇನ್ನೂ ಹಾಕತಿದ್ದೆ" ಎಂದು ಚಹಾ ಕೊಟ್ಟಳು. ಚಹಾಕ್ಕೆ ಹಾಲಿರಲಿಲ್ಲ. ಆ ಮನೆಯಲ್ಲಿ ಹಾಲೇ ಬರುತ್ತಿರಲಿಲ್ಲ.

ತಿರುಗಿ ಬರುವಾಗ ಧುಪದಾಳದ ಹತ್ತಿರ ಒಡ್ಡಿನ ಮೇಲಿಂದ ನೀರು ಧುಮುಕುವ ಸದ್ದು ಕೇಳಿದಾಗ ಸತ್ತೆವ್ವ ಹಿಂದಿನಿಂದ ಸೊಸೆಯ ಭುಜ ತಟ್ಟಿದಳು.

"ನಾಳೆ ಪುಂಡಿಪಲ್ಲೆ ತರಸು. ಹುಣಸಿಹಣ್ಣೂ ತರಸು. ವಾಸನಿ ಹೋಗಾಕ ಹುಳಿ ಬೇಕು. ಹುಳಿ ಮಜ್ಜಗ್ಯಾಗ ಅಷ್ಟ ಐತೇನ?"

ಮುಂದಿನ ಎರಡು ವಾರ ಆ ಮನೆಯಲ್ಲಿ ಹುಳಿಯದೇ ಕಾರುಬಾರು. ಹುಣಸೆನೀರಿನಲ್ಲಿ ತೊಳೆದರೆ ವಡಿ ಕಪ್ಪಾಯಿತು. ಪುಂಡಿಪಲ್ಲೆಯ ನೀರಿಗೆ ವಾಸನೆಯೇನೋ ಹೋಯಿತು, ಆದರೆ ರಾಜಪ್ಪ ತುತ್ತಿಗೊಮ್ಮೆ ಕಣ್ಣು ಮುಚ್ಚುವಷ್ಟು ಹುಳಿ ಉಳಿಯಿತು. "ನನ್ನ ಮ್ಯಾಲ ಯಾಕ ಸಿಟ್ಟ ತೀರಿಸಿಕೊಳ್ತೀರಿ ಇಬ್ರೂ ಕೂಡಿ?" ಎಂದು ಗೊಣಗಿದರೂ ಊಟದ ಹೊತ್ತಿಗೆ ಎಲ್ಲರಿಗಿಂತ ಮುಂಚೆ ಬಂದು ಕೂರುತ್ತಿದ್ದ. ವಿಜಯಶ್ರೀ ಗಂಡನಿಗೆ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ. ರೊಟ್ಟಿಯ ಮೇಲೆ ಕೇಳದೆಯೇ ತುಪ್ಪ ಸುರಿದಳು. ಅವನೂ ಸಾಕೆನ್ನಲಿಲ್ಲ.

ಕೊನೆಗೆ ಸತ್ತೆವ್ವ ಜೋಳದ ಹಿಟ್ಟು ಕಲಸಿ ಎರಡು ದಿನ ಹುಳಿಬರಿಸಿ, ಮೇಲೆ ನಿಂತ ತಿಳಿನೀರಿನಲ್ಲಿ ವಡಿ ನೆನೆಸಿದಳು. ಅವಳ ತಾಯಿ ಅಂಬಲಿಗೆ ಹಿಟ್ಟು ಹುಳಿಹಾಕುತ್ತಿದ್ದ ರೀತಿ ಅದು. ಆ ದಿನ ರಾಜಪ್ಪ ತಲೆ ಎತ್ತದೆ ನಾಲ್ಕು ರೊಟ್ಟಿ ಉಂಡು, ಬೆರಳು ಒರೆಸಿಕೊಂಡು, ಐದನೆಯದಕ್ಕೆ ತಾಟು ಮುಂದೆ ಮಾಡಿದ. ಆಮೇಲೆ ಲ್ಯಾಬೂ ಒಪ್ಪಿತು.

ಬೆಳಗಾವಿಯ ವ್ಯಾಪಾರಿ ಅಷ್ಟರಲ್ಲಿ ಬೇರೆಯವರ ಮಾಲು ತರಿಸಿಕೊಂಡಿದ್ದ. ಮುಂದಿನ ತಿಂಗಳು ಐವತ್ತು ಕಿಲೋ ಕಳಿಸಿ, ನೋಡೋಣ ಎಂದ. ಓಣಿಯ ನಾಲ್ಕು ಹೆಸರಿನಲ್ಲಿ ಸದ್ಯಕ್ಕೆ ಒಂದೇ ಉಳಿಯಿತು. ವಿಜಯಶ್ರೀಗೆ ಬೇಸರವಾಯಿತು, ಆದರೆ ಮೊದಲ ಪೆಟ್ಟಿಗೆಯನ್ನು ಬೆಳಗಾವಿಗೆ ಕಳಿಸುವ ಮುಂಚೆ ಹುಕ್ಕೇರಿಗೆ ಕಳಿಸಿದಳು.

ಗೋಡೆಯ ಹಳೆಯ ಕಾಗದ ಹರಿದು ಹೊಸದು ಬರೆಯಲು ಕೂತಾಗ ಅವಳು ಪೆನ್ನು ಕೆಳಗಿಟ್ಟು ಅತ್ತೆಯ ಕಡೆ ತಿರುಗಿದಳು.

"ಈ ಹುಳಿನೀರಿನ ಹದಾ ನನಗ ತಿಳಿಯೂದಿಲ್ರಿ. ನೀವು ಒಳಗ ಬಂದ ಮಾಡಬೇಕು. ಡಬರಿ ಇನ್ನ ಹಿತ್ತಲದಾಗ ಬ್ಯಾಡ. ಬರಬ್ಯಾಡ್ರಿ ಅಂದದ್ದು ನಂದ ತಪ್ಪ ಆತ್ರಿ ಅತ್ತ್ಯಾರ."

ಸತ್ತೆವ್ವ ತಲೆಯ ಮೇಲಿನ ಸೆರಗಿನ ಅಂಚು ಹಿಡಿದುಕೊಂಡಳು. "ಟೊಪಗಿ ಹಾಕ್ಕೊಳ್ಳಾಕ ಬೇಕೇನ?"

"ಬೇಕ್ರಿ."

"ಆ ಹುಡುಗಿ ಮೊಳಕೈ ನೋಡಿದ ಮ್ಯಾಲ ನಾ ಇನ್ನ ಯಾವ ನೇಮಕ್ಕೂ ಒಲ್ಲೆ ಅನ್ನೂದಿಲ್ಲ. ಕೊಡ ಇತ್ಲಾಗ."

ಗೋಕಾಕದ ದವಾಖಾನೆಗೆ ಅತ್ತೆ ಸೊಸೆ ಇಬ್ಬರೇ ಹೋದರು. ಚೀಟಿ ಬರೆಯುವವನು, "ಏನ ಕೆಲಸಾ?" ಎಂದ. ವಿಜಯಶ್ರೀ ಬಾಯಿ ತೆರೆಯುವ ಮುಂಚೆ ಸತ್ತೆವ್ವ, "ಖೀಮಾದ ಕೆಲಸಾ ಬರೀರಿ" ಎಂದಳು. ಮನೆಗೆ ಬಂದು ಸರ್ಟಿಫಿಕೇಟನ್ನು ಪೂನಮ್‌ಳಿಂದ ಎರಡು ಸಲ ಓದಿಸಿ, ಮಡಚಿ ಟ್ರಂಕಿನಲ್ಲಿ ಜರಿ ಸೀರೆಯ ಕೆಳಗೆ ಇಟ್ಟಳು. ಅದು ಗೋಡೆಯ ಮೇಲಿರಬೇಕು ಎಂದು ಸೊಸೆ ಮತ್ತೆ ಕೇಳಿ ಪಡೆಯಬೇಕಾಯಿತು.

ಮೊದಲ ದಿನ ಸತ್ತೆವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿ, ಕೂದಲೊಂದೂ ಕಾಣದಂತೆ ಬಿಳಿ ಟೊಪ್ಪಿಗೆ ಎಳೆದುಕೊಂಡು, ಯಾರೂ ಈ ಕಡೆ ಬರಕೂಡದೆಂದು ತಾಕೀತು ಮಾಡಿ ಒಳಹೊಕ್ಕಳು. ರಾಜಪ್ಪ ಕಿಟಕಿಯಿಂದ ಇಣುಕದೆ ಬಿಟ್ಟಾನೆಯೇ?

"ಪರಶ್ಯಾನವ್ವಾ" ಎಂದ ಮೆಲ್ಲಗೆ. "ಚಂದ ಕಾಣಸ್ತಿ."

"ಮಾರಿ ಆ ಕಡೆ ಮಾಡ್ರಿ. ನಾಚಿಕಿ ಇಲ್ಲದ ಮುದುಕ" ಎಂದು ಅವಳು ಗದರಿದಳು. ಚನ್ನವ್ವ ನಗು ತಡೆಯಲಾರದೆ ಡಬರಿಯ ಹಿಂದೆ ಬಗ್ಗಿದಳು.

ವಾರ ಕಳೆಯಿತು. ಮುಂಜಾನೆ ಹುಕ್ಕೇರಿಯಿಂದ ಮಾಯವ್ವನ ಫೋನು ಬಂತು. ಮೊಮ್ಮಗಳ ಮೈ ತಿಳಿಯಾಗಿದೆ, ಹೊಸ ಮಾಲು ಎರಡು ಸಲ ಉಂಡರೂ ಏನೂ ಆಗಿಲ್ಲ, ಇನ್ನೊಂದು ಪೆಟ್ಟಿಗೆ ಬೇಕು ಎಂದಳು. ವಿಜಯಶ್ರೀ ಫೋನು ಕಿವಿಗಿಟ್ಟುಕೊಂಡೇ ಅದನ್ನು ಹೇಳಲೆಂದು ಕೋಣೆಯ ಕಡೆ ಓಡಿದಳು. ಬಾಗಿಲಲ್ಲಿ ಹುಳಿನೀರು ತೊಟ್ಟಿಕ್ಕುವ ಕೈಯೊಂದು ಅಡ್ಡ ಬಂತು.

"ನಿಂದ್ರ ಅಲ್ಲೆ" ಎಂದಳು ಸತ್ತೆವ್ವ. "ಟೊಪಗಿ ಎಲ್ಲೈತಿ?"

"ಅತ್ತ್ಯಾರ, ಮಾಯವ್ವಾರ ಫೋನು. ಹುಡುಗಿಗೆ ಆರಾಮ ಆಗೈತಂತ..."

ಸತ್ತೆವ್ವನ ಕಣ್ಣು ತುಂಬಿ ಬಂತು. ಟೊಪ್ಪಿಗೆ ಸರಿಯಾಗಿಯೇ ಇದ್ದರೂ ಮೊಳಕೈಯಿಂದ ಮತ್ತಷ್ಟು ಒತ್ತಿಕೊಂಡಳು. ಆದರೆ ಅಡ್ಡ ಇಟ್ಟ ಕೈ ತೆಗೆಯಲಿಲ್ಲ.

"ಚಲೋ ಆತವಾ. ಆದ್ರ ನೇಮ ನಾ ಮಾಡಿದ್ದಲ್ಲ. ಹಾಕ್ಕೊಂಡ ಬಾ."

ವಿಜಯಶ್ರೀ ನಗುತ್ತ, ಮೂಗೊರೆಸಿಕೊಳ್ಳುತ್ತ, ಗೂಟಕ್ಕೆ ಸಿಕ್ಕಿಸಿದ್ದ ತನ್ನ ಟೊಪ್ಪಿಗೆ ತರಲು ಹೊರಳಿದಳು.